ಉಡುಪಿಯಲ್ಲಿ ಮದುವೆ: ಪರವೂರ ನೆಂಟರ ಬಿಡುವಿಗೊಂದು ಪಟ್ಟಿ

ಮದುವೆ ಮನೆಯವರಿಗೆ ನೆಂಟರನ್ನು ಸುತ್ತಾಡಿಸಲು ಪುರುಸೊತ್ತು ಎಲ್ಲಿಯದು? ಹಾಗೆಂದು ಬೆಂಗಳೂರು, ಮುಂಬಯಿಯಿಂದ ಬಂದವರನ್ನು ಲಾಡ್ಜಿನ ಕೋಣೆಯಲ್ಲಿ ಟಿವಿ ನೋಡಲು ಬಿಡುವುದೂ ಸರಿಯಲ್ಲ. ಉಡುಪಿಯಲ್ಲಿ ಮದುವೆ ಇಟ್ಟುಕೊಂಡವರು ವಾರ ಮೊದಲೇ ಒಂದು ಪುಟದ ಪಟ್ಟಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಇಬ್ಬರಿಗೂ ನಿರಾಳ.

ಹಂತ 1: ಗಂಟೆ ಲೆಕ್ಕ ಹಾಕಿ

ಊರಿನ ಎಲ್ಲ ಜಾಗಗಳ ಹೆಸರು ಬರೆದರೆ ಯಾರೂ ಓದುವುದಿಲ್ಲ. ಯಾರು ಯಾವ ರೈಲಿಗೆ ಇಂದ್ರಾಳಿ ನಿಲ್ದಾಣದಲ್ಲಿ ಇಳಿಯುತ್ತಾರೆ, ಯಾವ ಬಸ್ಸಿಗೆ ವಾಪಸ್ ಹೋಗುತ್ತಾರೆ ಕೇಳಿಕೊಳ್ಳಿ. ಹಿಂದಿನ ದಿನ ಬೆಳಿಗ್ಗೆ ಬಂದವರಿಗೆ ಅರ್ಧ ದಿನ ಸಿಗುತ್ತದೆ. ಮದುವೆ ಊಟ ಮುಗಿಸಿ ರಾತ್ರಿ ಹೊರಡುವವರಿಗೆ ಒಂದು ಸಂಜೆ. ಪಟ್ಟಿಯೂ ಅಷ್ಟಕ್ಕೇ ಇರಲಿ. ಮುಹೂರ್ತದ ಮುಂಚಿನ ದಿನ ಯಾರನ್ನೂ ದೂರ ಕಳಿಸಬೇಡಿ.

ಹಂತ 2: ಹಿರಿಯರಿಗೆ ರಥಬೀದಿ

ಅರ್ಧ ದಿನಕ್ಕೆ ರಥಬೀದಿಯೇ ಧಾರಾಳ. ರೂಢಿಯಂತೆ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ ಮಠ. ಕೃಷ್ಣನ ದರ್ಶನ ಬಾಗಿಲಿನಿಂದಲ್ಲ, ಒಂಬತ್ತು ತೂತುಗಳ ನವಗ್ರಹ ಕಿಂಡಿಯಿಂದ. ಮೊದಲ ಸಲ ಬಂದವರು ಯಾವ ತೂತಿನಿಂದ ನೋಡಲಿ ಎಂದು ತಡಕಾಡುವಷ್ಟರಲ್ಲಿ ಹಿಂದಿನ ಸಾಲು ಮುಂದಕ್ಕೆ ನೂಕಿರುತ್ತದೆ. ಇದನ್ನು ಮೊದಲೇ ಹೇಳಿಡಿ. ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗಬೇಕು. ಚಡ್ಡಿ, ಬರ್ಮುಡಾ ತೊಟ್ಟು ಬರಬೇಡಿ ಎಂದು ದಪ್ಪಕ್ಷರದಲ್ಲೇ ಬರೆಯಿರಿ. ಮಧ್ಯಾಹ್ನ ಮಠದ ಅನ್ನಪ್ರಸಾದಕ್ಕೆ ನಿಂತರೆ ಊಟದ ಚಿಂತೆಯೂ ಇಲ್ಲ.

ಪೇಟೆಯಲ್ಲಿ ಶಂಕರಪುರ ಮಲ್ಲಿಗೆ ನೋಡಿ ಬೆಂಗಳೂರಿನವರು ಮೊಳಕ್ಕೆಷ್ಟು ಎಂದು ಕೇಳುತ್ತಾರೆ. ಇಲ್ಲಿ ಲೆಕ್ಕ ಬೇರೆ: ಸುಮಾರು 800 ಹೂವಿನದು ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಲೆ ದಿನದಿನಕ್ಕೆ ಬದಲಾಗುತ್ತದೆ, ಮದುವೆ ಸೀಸನ್ನಿನಲ್ಲಂತೂ ಕೇಳುವುದೇ ಬೇಡ.

ಹಂತ 3: ಮಕ್ಕಳಿಗೆ ಮಲ್ಪೆ

ಮಲ್ಪೆ ಕಡಲತೀರ ಪೇಟೆಯಿಂದ ಸುಮಾರು 6 ಕಿ.ಮೀ. ಸಂಜೆ ನಾಲ್ಕರ ಮೇಲೆ ಕಳಿಸಿ. ಮಧ್ಯಾಹ್ನದ ಮರಳಿನಲ್ಲಿ ಕಾಲಿಡಲಾಗದು. ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಶಿಲೆಗಳನ್ನು ನೋಡುವ ಆಸೆಯಿದ್ದವರು ಮಾತ್ರ ಬೆಳಿಗ್ಗೆಯೇ ಹೊರಟು ಮಲ್ಪೆಯಿಂದ ಬೋಟ್ ಹಿಡಿಯಬೇಕು. ಮಳೆಗಾಲದಲ್ಲಿ ಬೋಟ್ ಇಲ್ಲ, ನೀರಿಗಿಳಿಯುವ ಮಾತೂ ಬೇಡ.

ಹಂತ 4: ತಿಂಡಿಗೆ ಹೆಸರು ಕೊಡಿ, ಊಟಕ್ಕೆ ಎಚ್ಚರಿಕೆ ಕೊಡಿ

ಹಾಲ್‌ನಲ್ಲಿ ಎರಡು ಹೊತ್ತಿನ ಊಟ ಇರುವಾಗ ಹೊರಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸುವುದು ಅಡುಗೆ ಭಟ್ಟರಿಗೆ ಮಾಡುವ ಅನ್ಯಾಯ. ಹಾಗಾಗಿ ತಿಂಡಿ ಸಾಕು. ಮಠದ ಬಳಿಯ ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್. ಡಯಾನಾ ಹೋಟೆಲಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್. ಎತ್ತರದ ಗ್ಲಾಸಿನ ತಳಕ್ಕೆ ಚಮಚ ಮುಟ್ಟುವಷ್ಟರಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಮ್ ಕಲಸಿ ಒಂದಾಗಿರುತ್ತದೆ, ಹೆಸರಿಗೆ ತಕ್ಕ ಹಾಗೆ.

ಸಸ್ಯಾಹಾರದ ಮದುವೆಯಾದರೆ ನೆಂಟರು ಗುಟ್ಟಾಗಿ ಕೇಳುವುದು ಮೀನಿನ ಹೋಟೆಲ್. ಸಂಕೋಚ ಬೇಡ, ನಿಮಗೆ ಗೊತ್ತಿರುವ ಒಂದರ ಹೆಸರು ಬರೆದುಬಿಡಿ. ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ ಕೇಳಲು ಹೇಳಿ. ಕುಚ್ಚಲಕ್ಕಿ ಅನ್ನ ಅಭ್ಯಾಸವಿಲ್ಲದವರು ‘ಬೆಳ್ತಿಗೆ’ ಎಂದರೆ ಬಿಳಿ ಅನ್ನ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮೀನು ಕಡಿಮೆ, ಬೆಲೆ ಜಾಸ್ತಿ. ದೇವಸ್ಥಾನ ಮೊದಲು, ಮೀನು ಮತ್ತೆ ಎಂಬ ಕ್ರಮವನ್ನೂ ಸೇರಿಸಿ.

ಹಂತ 5: ಮರುದಿನ ಉಳಿಯುವವರಿಗೆ

ಒಂದು ಟೆಂಪೋ ಟ್ರಾವೆಲರ್ ಗೊತ್ತುಮಾಡಿ ಕಾರ್ಕಳಕ್ಕೆ ಕಳಿಸಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ, ಎದುರು ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ. ಬಂಡೆಯಲ್ಲೇ ಕಡಿದ ಮೆಟ್ಟಿಲು ಬಿಸಿಲಿಗೆ ಕಾಯುವ ಮೊದಲೇ ಹತ್ತಿಳಿಯಬೇಕು. ಮಂಡಿನೋವಿನ ಅತ್ತೆ, ಮಾವಂದಿರನ್ನು ಕಾಪು ದೀಪಸ್ತಂಭದ ಬಳಿಗೆ ಸಂಜೆ ಕರೆದೊಯ್ದರೆ ಸಾಕು. ಮೇಲೆ ಹತ್ತದಿದ್ದರೂ ಗಾಳಿ ಕೆಳಗೇ ಸಿಗುತ್ತದೆ.

ಪಟ್ಟಿಯ ಕೊನೆಗೆ ಒಂದು ಫೋನ್ ನಂಬರ್ ಹಾಕಿ. ಮದುಮಗಳ ಅಪ್ಪನದ್ದಲ್ಲ. ಸ್ಕೂಟರ್ ಇರುವ, ಬಡಿಸುವ ಹೊಣೆ ಇಲ್ಲದ ಅಳಿಯನದ್ದೋ ತಮ್ಮನ ಮಗನದ್ದೋ ಇರಲಿ. ಹಾಕುವ ಮೊದಲು ಅವನನ್ನೊಮ್ಮೆ ಕೇಳಿ.