ಇಂದಿನ ಧಮ್ಮಚಿಂತನೆ: ಬಿಟ್ಟುಹೋದವರು



ಈ ವಾರ ನಮ್ಮ ಗುಂಪಿನಿಂದ ಮೂವರು ಹೊರಹೋದರು. ಧಮ್ಮದಲ್ಲಿ ಆಸಕ್ತಿ ಇಲ್ಲದವರು ಎಂದು ಯಾರೋ ಬರೆದರು. ನನಗೂ ಮೊದಲು ಹಾಗೇ ಅನಿಸಿತ್ತು.

ವಿನಯಪಿಟಕದ ಮಹಾವಗ್ಗದಲ್ಲಿ ಕೋಸಂಬಿಯ ಪ್ರಸಂಗವಿದೆ. ಶೌಚದ ಪಾತ್ರೆಯಲ್ಲಿ ನೀರು ಉಳಿಸಿದ್ದು ತಪ್ಪೋ ಅಲ್ಲವೋ ಎಂಬುದರಿಂದ ಜಗಳ ಹುಟ್ಟಿತು ಎನ್ನುತ್ತದೆ ಅಟ್ಠಕಥೆ. ಇಷ್ಟಕ್ಕೇ ಭಿಕ್ಖುಗಳು ಎರಡು ಬಣವಾದರು! ಬುದ್ಧರು ತಿಳಿಹೇಳಿದರೂ ಕೇಳಲಿಲ್ಲ. ಅವರು ಊರು ಬಿಟ್ಟು, ಕೊನೆಗೆ ಪಾರಿಲೆಯ್ಯಕದ ಕಾಡಿನಲ್ಲಿ ಒಬ್ಬರೇ ಉಳಿದರು.

ಆಗ ಕೋಸಂಬಿಯ ಉಪಾಸಕರು ಭಿಕ್ಖುಗಳನ್ನು ಕಂಡರೆ ಎದ್ದು ನಿಲ್ಲಲಿಲ್ಲ, ಕೈ ಮುಗಿಯಲಿಲ್ಲ, ಭಿಕ್ಷೆಯನ್ನೂ ನೀಡಲಿಲ್ಲ. ಶ್ರದ್ಧೆ ಕಳೆದುಹೋಗಿ ಅಲ್ಲ. ಇವರ ದೆಸೆಯಿಂದ ಬುದ್ಧರು ಹೊರಟುಹೋದರಲ್ಲ ಎಂಬ ನೋವಿನಿಂದ. ಪಾತ್ರೆ ಬರಿದಾದ ಮೇಲೆಯೇ ಭಿಕ್ಖುಗಳು ಸಾವತ್ಥಿಗೆ ಹೋಗಿ ಜಗಳ ಮುಗಿಸಿದ್ದು.

ರಾತ್ರಿ ನಮ್ಮ ಗುಂಪಿನ ಹಳೆಯ ಸಂದೇಶಗಳನ್ನು ನೋಡಿದೆ. ವಾರಕ್ಕೆ ಪಾಠ ಏಳೇ. ಉಳಿದದ್ದು ಶುಭೋದಯದ ಹೂಗಳು, ಕರೆಯೋಲೆಗಳು, ಜೊತೆಗೆ ‘ತಿಸರಣ’ ಅನ್ನಬೇಕೋ ‘ತ್ರಿಶರಣ’ ಅನ್ನಬೇಕೋ ಎಂದು ಇಬ್ಬರು ಎರಡು ದಿನ ನಡೆಸಿದ ವಾದ. ಅದರಲ್ಲಿ ಒಬ್ಬಳು ನಾನೇ.

ಬೆಳಿಗ್ಗೆ ಹೋದವರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಿದರು. “ಭಾನುವಾರ ವಂದನೆಗೆ ಬರ್ತೀನಿ ಮೇಡಂ, ಗುಂಪು ಮಾತ್ರ ಬೇಡ” ಅಂದರು.