ಕಿಡ್ನಿ ಕಾಯಿಲೆಯ ಪಥ್ಯ: ಎಳನೀರು ಯಾವಾಗ ಬೇಡ?

ಆಸ್ಪತ್ರೆಯ ಗೇಟಿನ ಮುಂದೆ ಎಳನೀರಿನ ಗಾಡಿ ಇಲ್ಲದ ಊರು ನಮ್ಮಲ್ಲಿ ಅಪರೂಪ. ರೋಗಿಯನ್ನು ನೋಡಲು ಹೋಗುವವರು ಎರಡು ಎಳನೀರು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋಗುವುದು ರೂಢಿ. ಹೆಚ್ಚಿನ ರೋಗಿಗಳಿಗೆ ಅದರಿಂದ ತೊಂದರೆಯೇನೂ ಇಲ್ಲ. ಆದರೆ ಮೂತ್ರಪಿಂಡಗಳು ಸೋಲುತ್ತಿರುವವರಿಗೆ ಇದೇ ಎಳನೀರು, ಇದೇ ಬಾಳೆಹಣ್ಣು ಪ್ರಾಣಕ್ಕೆ ಎರವಾಗಬಹುದು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ಬೆಳಿಗ್ಗೆ 58 ವರ್ಷದ ಕೃಷಿಕರೊಬ್ಬರನ್ನು ಅವರ ಮಗ ನನ್ನ ಚಿಕಿತ್ಸಾಲಯಕ್ಕೆ ಎತ್ತಿಕೊಂಡೇ ತಂದ. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಮೂತ್ರಪಿಂಡಗಳ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿದೆ ಎಂಬುದು ಹಿಂದಿನ ವರ್ಷವೇ ತಿಳಿದಿತ್ತು. ಹಿಂದಿನ ರಾತ್ರಿಯಿಂದ ಕಾಲು ಎತ್ತಿಡಲು ಆಗುತ್ತಿಲ್ಲ ಎಂದರು. ನಾಡಿ ನಿಮಿಷಕ್ಕೆ 42 ಇತ್ತು. ಇ.ಸಿ.ಜಿ. ನೋಡಿದೊಡನೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂಬ ಅನುಮಾನ ಬಂತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಪರೀಕ್ಷೆ ಮಾಡಿದಾಗ ಪೊಟ್ಯಾಸಿಯಂ 7ನ್ನು ದಾಟಿತ್ತು. ಇಂಜೆಕ್ಷನ್ ಕೊಟ್ಟು, ಡಯಾಲಿಸಿಸ್ ಮಾಡಿ ಅವರನ್ನು ಉಳಿಸಿಕೊಂಡರು.

ಆಮೇಲೆ ಮಗ ಕೇಳಿದ ಮಾತು ನನಗೆ ಇನ್ನೂ ನೆನಪಿದೆ. "ಡಾಕ್ಟ್ರೇ, ನಮ್ಮಪ್ಪಂಗೆ ಒಂದು ಚೂರೂ ಕೆಟ್ಟದ್ದು ಕೊಟ್ಟಿಲ್ಲ. ಎಲ್ಲಾ ಒಳ್ಳೇದೇ ಕೊಟ್ಟಿದ್ದೀವಿ." ಅವನು ಹೇಳಿದ್ದು ನಿಜ. ಬಿಸಿಲಿಗೆ ತಂಪಾಗಲೆಂದು ದಿನಕ್ಕೆ ಎರಡು ಎಳನೀರು. ಕಾಫಿಯ ಬದಲು ರಾಗಿ ಅಂಬಲಿ. ದಿನವೂ ಸೊಪ್ಪಿನ ಸಾರು. ಊಟಕ್ಕೆ ಅಂಗಡಿಯಿಂದ ತಂದ ಹೊಸ ಬಗೆಯ 'ಲೋ ಸೋಡಿಯಂ' ಉಪ್ಪು. ಈ ಉಪ್ಪಿನ ವಿಷಯದಲ್ಲಿ ತಪ್ಪು ನನ್ನದೂ ಇತ್ತು. ಉಪ್ಪು ಕಡಿಮೆ ಮಾಡಿ ಎಂದು ನಾನೇ ಹೇಳಿದ್ದೆ. ಅದಕ್ಕೆ ಬದಲಾಗಿ ಯಾವ ಉಪ್ಪನ್ನು ತರಬಾರದು ಎಂದು ಹೇಳಿರಲಿಲ್ಲ.

ಮೂತ್ರಪಿಂಡ ರೋಗದಲ್ಲಿ ಪಥ್ಯವೆಂದರೆ 'ಕೆಟ್ಟ' ಆಹಾರವನ್ನು ಬಿಡುವುದಷ್ಟೇ ಅಲ್ಲ. ಇತರರಿಗೆ ಒಳ್ಳೆಯದಾದ ಆಹಾರವನ್ನೂ ಅಳೆದು ತಿನ್ನಬೇಕಾಗುತ್ತದೆ. ಇದನ್ನು ರೋಗಿಗಿಂತ ಹೆಚ್ಚಾಗಿ ಅವರಿಗೆ ಅಡುಗೆ ಮಾಡಿ ಬಡಿಸುವವರು ತಿಳಿದಿರಬೇಕು.

ಮೂತ್ರಪಿಂಡಗಳ ಕೆಲಸವೇನು?

ಬೆನ್ನಿನ ಎರಡೂ ಬದಿಯಲ್ಲಿ, ಪಕ್ಕೆಲುಬುಗಳ ಕೆಳಭಾಗದಲ್ಲಿ, ಮುಷ್ಟಿ ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುವ ಘಟಕಗಳಿರುತ್ತವೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಬೇಡವಾದುದನ್ನು ಒಂದೂವರೆ ಎರಡು ಲೀಟರ್ ಮೂತ್ರವಾಗಿ ಹೊರಹಾಕುತ್ತವೆ. ನಾವು ತಿಂದ ಉಪ್ಪು, ಪೊಟ್ಯಾಸಿಯಂ, ರಂಜಕ ಅಂದರೆ ಫಾಸ್ಫರಸ್, ಪ್ರೋಟೀನ್ ಜೀರ್ಣವಾದ ಮೇಲೆ ಉಳಿಯುವ ಯೂರಿಯಾ ಇವುಗಳಲ್ಲಿ ಹೆಚ್ಚಾದುದೆಲ್ಲ ಹೊರಹೋಗುವುದು ಮುಖ್ಯವಾಗಿ ಈ ದಾರಿಯಿಂದಲೇ. ದಾರಿ ಕಿರಿದಾದರೆ ಇವು ರಕ್ತದಲ್ಲಿ ಉಳಿದುಬಿಡುತ್ತವೆ.

ಪಥ್ಯ ಎಲ್ಲರಿಗೂ ಒಂದೇ ಅಲ್ಲ

ಮೂತ್ರಪಿಂಡ ರೋಗವನ್ನು ಐದು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲ ಎರಡು ಹಂತಗಳಲ್ಲಿರುವವರು ಉಪ್ಪು ಕಡಿಮೆ ಮಾಡಿ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟರೆ ಸಾಮಾನ್ಯವಾಗಿ ಸಾಕು. ಇವರು ಹಣ್ಣು, ಸೊಪ್ಪು, ರಾಗಿ ಬಿಡಬೇಕಾಗಿಲ್ಲ. ಪೊಟ್ಯಾಸಿಯಂ, ರಂಜಕಗಳ ಚಿಂತೆ ಹೆಚ್ಚಾಗಿ ಮೂರನೆಯ ಹಂತದ ನಂತರದ್ದು. ಅದನ್ನೂ ರಕ್ತಪರೀಕ್ಷೆ ನೋಡಿಯೇ ನಿರ್ಧರಿಸಬೇಕು. ಪಕ್ಕದ ಮನೆಯವರ ಪಥ್ಯದ ಪಟ್ಟಿಯನ್ನು ನಕಲು ಮಾಡಿಕೊಳ್ಳುವುದು ಅಪಾಯ. ಕ್ರಿಯಾಟಿನಿನ್ ಜೊತೆಗೆ ಪೊಟ್ಯಾಸಿಯಂ ಎಷ್ಟು, ರಂಜಕ ಎಷ್ಟು ಎಂದು ನಿಮ್ಮ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಉಪ್ಪು

ಎಲ್ಲ ಹಂತಗಳಿಗೂ ಅನ್ವಯಿಸುವ ನಿಯಮ ಇದೊಂದೇ. ದಿನಕ್ಕೆ 5 ಗ್ರಾಂ ಮೀರಬಾರದು. ಅಂದರೆ ತಲೆಮಟ್ಟದ ಒಂದು ಟೀ ಚಮಚ. ಇದರಲ್ಲಿ ಸಾರು, ಪಲ್ಯ, ಚಟ್ನಿ, ಮಜ್ಜಿಗೆ ಎಲ್ಲವೂ ಬಂತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಬೇಕರಿಯ ಖಾರ, ಪ್ಯಾಕೆಟ್ ನೂಡಲ್ಸ್ ಇವನ್ನು ಬಿಡುವುದೇ ಲೇಸು. ಅಡುಗೆ ಸೋಡಾದಲ್ಲಿಯೂ ಸೋಡಿಯಂ ಇದೆ ಎಂಬುದು ಹಲವರಿಗೆ ತಿಳಿಯದು. ಬೋಂಡ, ಬಜ್ಜಿಗಳಿಗೆ ಹಾಕುವ ಸೋಡಾ ಲೆಕ್ಕಕ್ಕೆ ಸೇರುತ್ತದೆ.

ಸೈಂಧವ ಲವಣ ಒಳ್ಳೆಯದಂತೆ ಎಂದು ಕೇಳುವವರುಂಟು. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಇನ್ನು 'ಲೋ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂನ ಒಂದು ಭಾಗವನ್ನು ತೆಗೆದು ಆ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಆರೋಗ್ಯವಂತರಿಗೆ ಇದು ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ ಉಪ್ಪಿನ ಬಳಕೆಯನ್ನು ಸಲಹೆ ಮಾಡಿದೆ. ಆದರೆ ಮೂತ್ರಪಿಂಡದ ತೊಂದರೆಯಿರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ನಮ್ಮ ಕೃಷಿಕರ ಮನೆಯಲ್ಲಿ ಆದದ್ದು ಇದೇ.

ಪೊಟ್ಯಾಸಿಯಂ

ರಕ್ತದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರವರೆಗೆ ಇರಬೇಕು. 6 ದಾಟಿದರೆ ಗಾಬರಿಯ ಸಂಗತಿ, 6.5ರ ಮೇಲೆ ಹೃದಯದ ಬಡಿತವೇ ತಪ್ಪಬಹುದು. ಇದು ಮುನ್ಸೂಚನೆ ಕೊಡದೆ ಏರುವುದೇ ಇದರ ಕೆಟ್ಟತನ. ಕೆಲವರಲ್ಲಿ ಮಾತ್ರ ಕಾಲುಗಳಲ್ಲಿ ಬಲವಿಲ್ಲದಂತಾಗುವುದು, ಎದೆ ಡವಗುಟ್ಟುವುದು ಕಾಣಿಸುತ್ತದೆ. ರಕ್ತದೊತ್ತಡಕ್ಕೂ ಮೂತ್ರಪಿಂಡದ ರಕ್ಷಣೆಗೂ ಕೊಡುವ ಕೆಲವು ಒಳ್ಳೆಯ ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ಸ್ವಲ್ಪ ಏರಿಸುತ್ತವೆ. ಹಾಗೆಂದು ಮಾತ್ರೆಗಳನ್ನು ನೀವಾಗಿ ನಿಲ್ಲಿಸಬಾರದು. ಆಗಾಗ್ಗೆ ರಕ್ತಪರೀಕ್ಷೆ ಮಾಡಿಸಬೇಕು.

ಪೊಟ್ಯಾಸಿಯಂ ಏರಿರುವವರಿಗೆ ದಿನಕ್ಕೆ 2,000ರಿಂದ 2,500 ಮಿಲಿಗ್ರಾಂ ಒಳಗೆ ಇರುವಂತೆ ಹೇಳುವುದು ವಾಡಿಕೆ. 200 ಮಿಲಿಲೀಟರಿನ ಒಂದು ಲೋಟ ಎಳನೀರಿನಲ್ಲೇ ಸುಮಾರು 400ರಿಂದ 500 ಮಿಲಿಗ್ರಾಂ ಇರುತ್ತದೆ. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 400. ದಿನಕ್ಕೆ ಎರಡು ದೊಡ್ಡ ಎಳನೀರು ಕುಡಿದರೆ ಊಟಕ್ಕೆ ಮೊದಲೇ ಆ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು ಮುಗಿದಂತೆ.

ಬಿಡಬೇಕಾದವು: ಎಳನೀರು, ಹಣ್ಣಿನ ರಸ, ಬಾಳೆಹಣ್ಣು, ಹಲಸಿನ ಹಣ್ಣು, ಕರ್ಬೂಜ, ಖರ್ಜೂರ, ಒಣದ್ರಾಕ್ಷಿ, ಟೊಮೆಟೊ ಸೂಪು.

ಮಿತಿಯಲ್ಲಿ, ನೀರು ಬಸಿದು ತಿನ್ನಬೇಕಾದವು: ಆಲೂಗೆಡ್ಡೆ, ಗೆಣಸು, ಸುವರ್ಣಗೆಡ್ಡೆ, ಪಾಲಕ್, ದಂಟು, ನುಗ್ಗೆಸೊಪ್ಪು.

ಹೋಲಿಕೆಯಲ್ಲಿ ಉತ್ತಮವಾದವು: ಸೇಬು, ಅನಾನಸ್, ಮರಸೇಬು ಇವುಗಳಲ್ಲಿ ದಿನಕ್ಕೆ ಒಂದು ಬಗೆ, ಒಂದು ಸಣ್ಣ ಬಟ್ಟಲು. ತರಕಾರಿಗಳಲ್ಲಿ ಸೋರೆಕಾಯಿ, ಹೀರೆಕಾಯಿ, ಸೀಮೆಬದನೆ, ಸೌತೆಕಾಯಿ, ಎಲೆಕೋಸು.

ಸಕ್ಕರೆ ಕಾಯಿಲೆಯೂ ಇರುವವರಿಗೆ ಇನ್ನೊಂದು ಮಾತು. ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಬೆವರು, ನಡುಕ ಬಂದಾಗ ಕಿತ್ತಳೆ ರಸ ಕುಡಿಯುವ ಬದಲು ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಿರಿ.

ಬಸ್ಸಾರಿನ ಪಾಠ

ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ತರಕಾರಿಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿದರೆ ಒಳ್ಳೆಯ ಪಾಲು ಹೊರಟುಹೋಗುತ್ತದೆ. ಬರೇ ನೆನೆಸಿಟ್ಟರೆ ಇಷ್ಟು ಪ್ರಯೋಜನವಿಲ್ಲ; ಬೇಯಿಸಬೇಕು.

ನಮ್ಮ ಬಸ್ಸಾರಿನಲ್ಲಿ ಆಗುವುದು ಇದಕ್ಕೆ ನೇರ ವಿರುದ್ಧ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿಗೆ ಮಸಾಲೆ ಹಾಕಿ ಸಾರು ಮಾಡುತ್ತೇವೆ, ಉಳಿದದ್ದು ಪಲ್ಯ. ಸೊಪ್ಪಿನಿಂದ ಇಳಿದ ಪೊಟ್ಯಾಸಿಯಂ ಎಲ್ಲ ಆ ಸಾರಿನಲ್ಲೇ ಇರುತ್ತದೆ. ಮನೆಯವರೆಲ್ಲ ಸಾರು ಉಣ್ಣಲಿ. ರೋಗಿಗೆ ಪಲ್ಯದಲ್ಲಿ ಸ್ವಲ್ಪ ಬಡಿಸಿ, ಸಾರು ಬೇಡ. ಕುಕ್ಕರಿನಲ್ಲಿ ತರಕಾರಿ ಬೇಯಿಸಿ ಆ ನೀರನ್ನೇ ಹುಳಿಗೆ ಬಳಸಿದರೂ ಇದೇ ಕಥೆ. ರೋಗಿಯ ಪಾಲಿನ ತರಕಾರಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬಸಿದು, ಆಮೇಲೆ ಒಗ್ಗರಣೆ ಹಾಕಿ. ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷದ ಹೆಚ್ಚಿನ ಕೆಲಸ ಅಷ್ಟೆ.

ರಾಗಿಮುದ್ದೆ ಉಣ್ಣಬಹುದೇ? ಹಳೆಯ ಮೈಸೂರು ಕಡೆಯ ರೋಗಿಗಳು ಕೇಳುವ ಮೊದಲ ಪ್ರಶ್ನೆಯೇ ಇದು. ಅಕ್ಕಿಗೆ ಹೋಲಿಸಿದರೆ ರಾಗಿಯಲ್ಲಿ ಪೊಟ್ಯಾಸಿಯಂ ಸುಮಾರು ನಾಲ್ಕು ಪಟ್ಟು ಇದೆ, ರಂಜಕವೂ ಹೆಚ್ಚು. ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗಿದ್ದರೆ ದಿನಕ್ಕೊಂದು ಸಣ್ಣ ಮುದ್ದೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಏರಿದ್ದರೆ, ಅದು ಇಳಿಯುವವರೆಗೆ ಬಸಿದ ಅನ್ನವೇ ವಾಸಿ.

ರಂಜಕ

ಇದು ರಕ್ತದಲ್ಲಿ ಹೆಚ್ಚಾದರೆ ಮೈ ತುರಿಕೆ, ಮೂಳೆಗಳ ದುರ್ಬಲತೆ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುವುದು ಉಂಟಾಗುತ್ತದೆ. ಕಾಳು, ಧಾನ್ಯಗಳಲ್ಲಿರುವ ರಂಜಕದ ಅರ್ಧದಷ್ಟನ್ನೂ ನಮ್ಮ ಕರುಳು ಹೀರಿಕೊಳ್ಳುವುದಿಲ್ಲ. ಆದರೆ ಕೋಲಾ ಪಾನೀಯ, ಸಂಸ್ಕರಿಸಿದ ಮಾಂಸ, ಚೀಸ್, ಪ್ಯಾಕೆಟ್ ತಿಂಡಿಗಳಿಗೆ ಬೆರೆಸುವ ರಂಜಕ ಬಹುಪಾಲು ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಬೇಳೆಗೆ ಹೆದರುವ ಮೊದಲು ಬಾಟಲಿ, ಪ್ಯಾಕೆಟ್ಟುಗಳನ್ನು ಬಿಡಿ. ರಂಜಕ ತಗ್ಗಿಸುವ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಊಟದ ಜೊತೆಯಲ್ಲೇ ನುಂಗಬೇಕು; ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಉಪಯೋಗವಿಲ್ಲ.

ಪ್ರೋಟೀನ್: ಹೆಚ್ಚೂ ಬೇಡ, ಕಡಿಮೆಯೂ ಬೇಡ

ಡಯಾಲಿಸಿಸ್ ಆರಂಭವಾಗದ ಮೂರರಿಂದ ಐದನೆಯ ಹಂತದ ರೋಗಿಗಳಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ ಇದು 48 ಗ್ರಾಂ ಆಯಿತು. 200 ಗ್ರಾಂ ಅಕ್ಕಿ, 75 ಗ್ರಾಂ ಗೋಧಿಹಿಟ್ಟು, 45 ಗ್ರಾಂ ತೊಗರಿಬೇಳೆ, ಹಾಲು ಮೊಸರು ಸೇರಿ 300 ಮಿಲಿಲೀಟರ್, ಒಂದೆರಡು ಬಗೆ ತರಕಾರಿ ಇಷ್ಟರಲ್ಲಿ ಅದು ಸಿಕ್ಕಿಬಿಡುತ್ತದೆ. ಮಾಂಸಾಹಾರಿಗಳು ಬೇಳೆಯ ಒಂದು ಭಾಗದ ಬದಲು ಮೊಟ್ಟೆಯ ಬಿಳಿಭಾಗ ತಿನ್ನಬಹುದು. ಅದರಲ್ಲಿ ರಂಜಕ ಬಹಳ ಕಡಿಮೆ. ಶಕ್ತಿಗೆಂದು ಮಾರುವ ಪ್ರೋಟೀನ್ ಪುಡಿಯನ್ನು ವೈದ್ಯರನ್ನು ಕೇಳದೆ ಕುಡಿಯಬೇಡಿ.

ಇಲ್ಲಿ ಎದುರು ತಪ್ಪೂ ನಡೆಯುತ್ತದೆ. ಹೆದರಿ ಬೇಳೆ, ಹಾಲು, ಮೊಟ್ಟೆ ಎಲ್ಲ ಬಿಟ್ಟು ಗಂಜಿ ಮಾತ್ರ ಕುಡಿಯುತ್ತ ಸೊರಗಿದ ರೋಗಿಗಳನ್ನು ನಾನು ಕಂಡಿದ್ದೇನೆ. ಡಯಾಲಿಸಿಸ್ ಆರಂಭವಾದ ಮೇಲಂತೂ ಪ್ರೋಟೀನ್ ಹೆಚ್ಚು ಬೇಕು, ಕಿಲೋಗೆ 1ರಿಂದ 1.2 ಗ್ರಾಂ. ಡಯಾಲಿಸಿಸ್ಸಿನಲ್ಲಿ ಅದರ ಒಂದಂಶ ಸೋರಿಹೋಗುವುದೇ ಇದಕ್ಕೆ ಒಂದು ಕಾರಣ. ಹಳೆಯ ಪಥ್ಯವನ್ನೇ ಮುಂದುವರಿಸಿದರೆ ಮಾಂಸಖಂಡ ಕರಗಿ, ಸೋಂಕು ತಗಲುವ ಸಂಭವ ಹೆಚ್ಚುತ್ತದೆ.

ನೀರು

ಮೂತ್ರಕೋಶದ ಕಲ್ಲಿಗೆ ಹೇಳುವ 'ನೀರು ಹೆಚ್ಚು ಕುಡಿಯಿರಿ' ಎಂಬ ಸಲಹೆ ಎಲ್ಲ ಕಿಡ್ನಿ ಕಾಯಿಲೆಗೂ ಅಲ್ಲ. ಕಾಲು ಊದಿದವರು, ಮೂತ್ರ ಕಡಿಮೆಯಾದವರು ಹೆಚ್ಚು ಕುಡಿದರೆ ನೀರು ಶ್ವಾಸಕೋಶಕ್ಕೆ ತುಂಬಿ ಉಸಿರು ಕಟ್ಟಬಹುದು. ಡಯಾಲಿಸಿಸ್ಸಿನಲ್ಲಿರುವವರಿಗೆ ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ 500 ಮಿಲಿಲೀಟರ್ ಸೇರಿಸಿ ಕುಡಿಯಲು ಹೇಳುವುದು ಸಾಮಾನ್ಯ. ಕಾಫಿ, ಮಜ್ಜಿಗೆ, ಸಾರು ಎಲ್ಲವೂ ಈ ಲೆಕ್ಕದೊಳಗೆ. ಊತವಿಲ್ಲದೆ ಮೂತ್ರ ಚೆನ್ನಾಗಿ ಹೋಗುತ್ತಿರುವವರು ನೀರನ್ನು ಕಡಿತ ಮಾಡಬೇಕಾಗಿಲ್ಲ.

ಎರಡು ಹುಳಿಹಣ್ಣುಗಳು

ಐದು ಏಣಿನ ಧಾರೆಹುಳಿ, ಅಂದರೆ ಕಮರಾಕ್ಷಿ ಹಣ್ಣನ್ನು ಮೂತ್ರಪಿಂಡ ರೋಗಿಗಳು ಒಂದು ಹೋಳೂ ತಿನ್ನಬಾರದು. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಸ್ತು ಮಿದುಳಿಗೆ ವಿಷ. ಆರೋಗ್ಯವಂತರಲ್ಲಿ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ರೋಗಿಗಳಲ್ಲಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಸಾವೂ ಸಂಭವಿಸಿದೆ. ಕರಾವಳಿಯ ಬಿಂಬುಳಿಯಲ್ಲಿ ಆಕ್ಸಲೇಟ್ ಬಹಳ. ಕೊಲೆಸ್ಟರಾಲ್ ಇಳಿಯಲೆಂದು ಅದರ ಗಟ್ಟಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡ 10 ಮಂದಿಯ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ.

ಮನೆಯವರು ಮಾಡಬೇಕಾದದ್ದು

ರಕ್ತಪರೀಕ್ಷೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿಡಿ. ಪ್ರತಿಸಲ ವೈದ್ಯರನ್ನು ಕಂಡಾಗ 'ಈಗ ಯಾವುದನ್ನು ಬಿಡಬೇಕು, ಯಾವುದನ್ನು ತಿನ್ನಬಹುದು' ಎಂದು ಕೇಳಿ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ಕೊಡಬೇಡಿ. ಏನು ಬೆರೆಸಿದೆಯೆಂದು ತಿಳಿಯದ ಪುಡಿ, ಭಸ್ಮಗಳನ್ನೂ ಕೊಡಬೇಡಿ. ನೋಡಲು ಬರುವ ನೆಂಟರಿಗೆ ಎಳನೀರು ಬೇಡವೆಂದು ಮೊದಲೇ ತಿಳಿಸಿ. ಅದರಲ್ಲಿ ಸಂಕೋಚ ಬೇಡ.

ಆ ಕೃಷಿಕರು ಆಮೇಲೆ ಚೇತರಿಸಿಕೊಂಡು ತೋಟಕ್ಕೆ ಓಡಾಡತೊಡಗಿದರು. ಮನೆಯಲ್ಲಿ ಸೊಸೆ ಅವರ ಪಾಲಿನ ತರಕಾರಿಯನ್ನು ಬೇರೆ ಬೇಯಿಸಿ ಬಸಿಯುತ್ತಾರೆ. ಪೊಟ್ಯಾಸಿಯಂ ಹತೋಟಿಗೆ ಬಂದ ಮೇಲೆ ವಾರಕ್ಕೆರಡು ದಿನ ಸಣ್ಣ ಮುದ್ದೆಗೆ ನಾನೇ ಒಪ್ಪಿಗೆ ಕೊಟ್ಟೆ. ಈಗ ಉಪ್ಪು ಕಡಿಮೆ ಮಾಡಿ ಎಂದು ಯಾವ ಕಿಡ್ನಿ ರೋಗಿಗೆ ಹೇಳಿದರೂ, ಮನೆಯಲ್ಲಿರುವ ಉಪ್ಪಿನ ಪ್ಯಾಕೆಟ್ಟನ್ನು ಮುಂದಿನ ಸಲ ತಂದು ತೋರಿಸಿ ಎಂದು ಜೊತೆಗೇ ಹೇಳುತ್ತೇನೆ.