ವಿರೋಧೀ ಹಿಂಸೆಯ ಮೇರೆ

ಗೃಹಸ್ಥನಿಗೆ ಹಿಂಸೆಯ ಸರ್ವಥಾ ತ್ಯಾಗವು ಅಶಕ್ಯವೆಂಬುದನ್ನು ಅರಿತೇ ಆಚಾರ್ಯರು ಅವನಿಗೆ ಅಣುವ್ರತವನ್ನು ವಿಧಿಸಿದ್ದಾರೆ. ಒಲೆ, ಒನಕೆಗಳಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ಮೇಲೆ ಬಿದ್ದವನನ್ನು ತಡೆಯುವಲ್ಲಿ ಆಗುವುದು ವಿರೋಧೀ ಹಿಂಸೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನಾದರೋ ಶ್ರಾವಕನು ಬಿಡಲೇಬೇಕು.

ಯುದ್ಧದ ಮಾತು ಬಂದಾಗ ವಿರೋಧೀ ಹಿಂಸೆಯ ಹೆಸರಿನಲ್ಲಿ ಎಲ್ಲವನ್ನೂ ಸಮರ್ಥಿಸುವವರುಂಟು. ಆ ವಿನಾಯಿತಿಯು ಎತ್ತಿದ ಆಯುಧದವರೆಗೆ ಮಾತ್ರ ಸಲ್ಲುತ್ತದೆ. ಆಯುಧ ಹಿಡಿಯದವನು, ಹೆಂಗಸು, ಕೂಸು, ಶರಣಾದವನು, ಇವರಾರೂ ವಿರೋಧಿಗಳಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಮಂತ್ರಿಗಳು ಇನ್ನೂ ಮುಂದೆ ಹೋಗುತ್ತಾರೆ. ಇಬ್ಬರ ಕಲಹಕ್ಕೆ ಸೈನ್ಯವೇಕೆ ಸಾಯಬೇಕೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಅವರನ್ನು ಒಪ್ಪಿಸುತ್ತಾರೆ.

ಈ ವಿಚಾರವು ಠಾಣಾ ಕುಶನೂರ, ಔರಾದ, ಭಾಲ್ಕಿಗಳ ಸೀಮೆಗೆ ದೂರದ್ದಲ್ಲ. 1948ರಲ್ಲಿ ಬೀದರ ಜಿಲ್ಲೆಯು ನಿಜಾಮನ ಹೈದರಾಬಾದ ಸಂಸ್ಥಾನದಲ್ಲಿತ್ತು. ಆ ವರ್ಷದ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಗ್ರಾಮಸ್ಥರ ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಸೋಲೊಪ್ಪಿದನು. ಆ ದಿನ ಅನಂತ ಚತುರ್ದಶಿ. ಕಾರ್ಯಾಚರಣೆಯ ಐದು ದಿನಗಳೂ ದಶಲಕ್ಷಣ ಪರ್ವದೊಳಗೇ ಕಳೆದಿದ್ದವು. ರಜಾಕಾರರನ್ನು ಅಡಗಿಸಿದ್ದು ವಿರೋಧೀ ಹಿಂಸೆಯೆನ್ನಬಹುದು. ಆದರೆ ಆಗ ಮತ್ತು ಅನಂತರ, ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನರೂ ಸೇಡಿಗೆ ಬಲಿಯಾದರು. ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಈ ಸಂಖ್ಯೆಯ ಬಗ್ಗೆ ವಾದವಿದೆ. ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳೆಂದು ಸಮಿತಿ ಹೆಸರಿಸಿದ್ದು ಉಸ್ಮಾನಾಬಾದ, ಗುಲಬರ್ಗಾ, ಬೀದರ ಮತ್ತು ನಾಂದೇಡ. ವರದಿಯು ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ತಮ್ಮ ಪ್ರಾಣದ ಹಂಗು ತೊರೆದು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳಿದ್ದರೆಂಬುದನ್ನೂ ಅದು ದಾಖಲಿಸಿದೆ.

ಗೋರಟಾದ ಸತ್ತವರಿಗೂ ಅನಂತರ ಸತ್ತವರಿಗೂ ಶಾಸ್ತ್ರದಲ್ಲಿ ಬೇರೆ ಬೇರೆ ತಕ್ಕಡಿಗಳಿಲ್ಲ. ಎರಡೂ ಸಂಕಲ್ಪೀ ಹಿಂಸೆಯೇ. ಮೊದಲನೆಯದು ಎರಡನೆಯದಕ್ಕೆ ಕಾರಣವೆನಿಸಬಹುದು, ಸಮಾಧಾನವೆನಿಸದು.

ಕೊಲ್ಲದೆ ಮನೆಯಲ್ಲೇ ಇದ್ದವನಿಗೆ ಇದರಲ್ಲಿ ಪಾಲಿಲ್ಲವೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ಹೇಳುವಾಗ ಮನ, ವಚನ, ಕಾಯಗಳಿಂದ ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಈ ಮೂರನ್ನೂ ಸೇರಿಸಿದ್ದಾರೆ. ಮೊದಲಿನೆರಡು ಹೆಚ್ಚಿನ ಮನೆಗಳಲ್ಲಿ ಘಟಿಸುವುದಿಲ್ಲ. ಮೂರನೆಯದು ಜಗುಲಿಯ ಮೇಲೆ, ಪತ್ರಿಕೆ ಓದುವಾಗ, ಎಲ್ಲಿಯೋ ನಡೆದ ಯುದ್ಧದಲ್ಲಿ ಊರೊಂದು ಸುಟ್ಟಿತೆಂದು ಕೇಳಿದಾಗ, ‘ಅವರಿಗೆ ಹಾಗೆಯೇ ಆಗಬೇಕಿತ್ತು’ ಎಂಬ ಒಂದು ಮಾತಿನಲ್ಲಿ ಘಟಿಸಿಬಿಡುತ್ತದೆ. ಚತುರ್ದಶಿಯ ಉಪವಾಸದಲ್ಲಿದ್ದು ಇಂತಹ ಮಾತನ್ನಾಡಿದವನು ಅಂದಿನ ಪ್ರತಿಕ್ರಮಣದಲ್ಲಿ ಅದನ್ನು ಹೆಸರಿಸಿಯೇ ಆಲೋಚನೆ ಮಾಡತಕ್ಕದ್ದು.